ದೊಡ್ಡದಾಗದ ದೀಪ

ಮೂರು ವರ್ಷದ ಹಿಂದಿನ ಮಾಘ ಮಾಸ. ಆಗ ನಾನು ದೊಡ್ಡಬಳ್ಳಾಪುರದಲ್ಲಿ ಒಂದು ಕೋಣೆಯ ಸ್ಟುಡಿಯೋ ಇಟ್ಟುಕೊಂಡು, ಸುತ್ತಲಿನ ಕಲ್ಯಾಣ ಮಂಟಪಗಳ ಎಲ್‌ಇಡಿ ಪರದೆಗಳಿಗೆ ಚಲಿಸುವ ಹಿನ್ನೆಲೆ ಮಾಡಿಕೊಡುತ್ತಿದ್ದೆ. ವಧೂವರರ ಬೆನ್ನ ಹಿಂದೆ ಹೂ ಉದುರುವುದನ್ನು, ಗಂಟೆ ತೂಗುವುದನ್ನು ನೀವು ನೋಡಿರುತ್ತೀರಿ. ಅದು ಗಂಟೆಗಟ್ಟಲೆಯ ವಿಡಿಯೊ ಅಲ್ಲ. ಒಂದು ಚಿಕ್ಕ ತುಣುಕು ಮತ್ತೆ ಮತ್ತೆ ಮೊದಲಿನಿಂದ ಓಡುತ್ತಿರುತ್ತದೆ. ಅದಕ್ಕೆ ಲೂಪ್ ಎನ್ನುತ್ತೇವೆ. ಕೊನೆಯ ಚಿತ್ರ ಮೊದಲ ಚಿತ್ರಕ್ಕೆ ಹೊಲಿಗೆ ಕಾಣದಂತೆ ಕೂಡಿಕೊಳ್ಳಬೇಕು, ಕಷ್ಟವೆಲ್ಲ ಅಲ್ಲೇ. ಜನರ ಲೆಕ್ಕದಲ್ಲಿ ಮಾತ್ರ ಎಲ್ಲವನ್ನೂ ಕಂಪ್ಯೂಟರೇ ಮಾಡುತ್ತದೆ, ನಾವು ಕಾಫಿ ಕುಡಿಯುತ್ತಾ ಕೂತಿರುತ್ತೇವೆ.

ಆ ಕೆಲಸ ತಂದವರು ಶಿವಣ್ಣ. ಸೂಲಿಬೆಲೆ ಕಡೆಯವರು, ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅಕ್ಕನ ಮಗಳು ರಮ್ಯಳ ಆರತಕ್ಷತೆಗೆ ಹಿತ್ತಾಳೆ ದೀಪದ ಹಿನ್ನೆಲೆ ಬೇಕೆಂದರು.

"ಸ್ವಲ್ಪ ನೋಡ್ಕಂಡು ಮಾಡಿ ಮೇಡಂ. ನಿಶ್ಚಿತಾರ್ಥ ಆಗಿದ್ದ ಒಂದು ಸಂಬಂಧ ಮುರಿದೋಗಿ, ಮಗು ವರ್ಷಾನುಗಟ್ಲೆ ಮಂಕಾಗಿತ್ತು. ಈ ಸಲ ಏನೂ ಎಡವಟ್ಟಾಗ್ಬಾರ್ದು."

ರಮ್ಯಳನ್ನು ಸಾಕಿ ಬೆಳೆಸಿದ್ದು ಶಿವಣ್ಣನವರ ತಾಯಿ ಮುನಿಯಮ್ಮ. ಮದುವೆಯ ಪ್ರತಿಯೊಂದಕ್ಕೂ ಆ ಅಜ್ಜಿಯ ಒಪ್ಪಿಗೆ ಬೇಕಿತ್ತು.

ಬೆಂಕಿಯ ಲೂಪ್ ಮಾಡುವುದು ತಲೆನೋವಿನ ಕೆಲಸ. ಮೊದಲಲ್ಲಿ ನೆಟ್ಟಗಿದ್ದ ಜ್ವಾಲೆ ಕೊನೆಯಲ್ಲಿ ಎಡಕ್ಕೆ ಬಾಗಿರುತ್ತದೆ. ಹಾಗೇ ಸೇರಿಸಿದರೆ ಜಿಗಿದಂತೆ ಕಾಣುತ್ತದೆ. ಹಾಗಾಗಿ ಕೊನೆಯಲ್ಲಿ ಜ್ವಾಲೆಯನ್ನು ಮೆಲ್ಲಗೆ ಕತ್ತಲಿಗೆ ಇಳಿಸಿ, ಮತ್ತೆ ಮೆಲ್ಲಗೆ ಮೂಡಿಸಿದೆ. ಫೇಡ್ ಎಂಬ ಈ ಉಪಾಯವನ್ನು ನಮ್ಮ ಕಸುಬಿನವರೆಲ್ಲ ಮಾಡುತ್ತಾರೆ. ಮಾದರಿಯನ್ನು ಶಿವಣ್ಣನವರ ಫೋನಿಗೆ ಕಳಿಸಿದೆ.

ಮಾರನೆಯ ದಿನ ಅವರ ಮೆಸೇಜು ಬಂತು: "ದೀಪ ದೊಡ್ಡದು ಮಾಡ್ಬೇಕಂತೆ. ಅವ್ವ ಹೇಳ್ತಾವ್ಳೆ."

ದೊಡ್ಡದು ಮಾಡಿದೆ. ಒಂದು ಬದಲಾವಣೆ ಎಂದರೆ ಪ್ರತಿ ಚಿತ್ರವನ್ನೂ ಕಂಪ್ಯೂಟರ್ ಹೊಸದಾಗಿ ಬಿಡಿಸಬೇಕು. ಈ ರೆಂಡರ್ ಮುಗಿಯುವವರೆಗೆ ಬೇರೆ ಕೆಲಸವೆಲ್ಲ ಬಂದ್. ಕಳಿಸಿದೆ. "ಇನ್ನೂ ದೊಡ್ಡದು ಮಾಡಿಲ್ವಂತೆ" ಎಂದು ಉತ್ತರ ಬಂತು. ಮತ್ತೆ ಮಾಡಿದೆ. ಮತ್ತೆ ಅದೇ ರಾಗ, ಅದೇ ಹಾಡು. ಸಿಟ್ಟು ನೆತ್ತಿಗೇರಿ ಫೋನ್ ಮಾಡಿ ಕೇಳಿದೆ, "ಎಷ್ಟು ದೊಡ್ಡದು ಅಂತ ಒಂದ್ಸಲ ಹೇಳ್ಬಿಡಿ ಸಾರ್!"

"ಪೂರ್ತಿ ದೊಡ್ಡದು ಮಾಡ್ಬಿಡು ಅಂತಾವ್ಳೆ ಮೇಡಂ" ಎಂದು ಅವರು ಶಿಫ್ಟಿಗೆ ಹೊರಟರು.

ಸರಿ, ತಗೊಳ್ಳಿ ಎಂದುಕೊಂಡೆ. ಕಂಬ, ಬತ್ತಿ ಎಲ್ಲ ಬಿಟ್ಟು ಪರದೆಯ ತುಂಬ ಬರೀ ಜ್ವಾಲೆಯನ್ನೇ ಇಟ್ಟೆ.

ಆರತಕ್ಷತೆಯ ಸಂಜೆ ದೇವನಹಳ್ಳಿಯ ಮಂಟಪದಲ್ಲಿ ಪರದೆ ಹೊತ್ತಿಕೊಂಡಿತು. ವೇದಿಕೆಯಗಲದ ಉರಿ ಧಗಧಗ ಎದ್ದು, ಕಪ್ಪಾಗಿ, ಮತ್ತೆ ಎದ್ದಿತು. ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ವಧುವಿನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಮುನಿಯಮ್ಮ ಕೂತುಬಿಟ್ಟರು. ಆ ಪರದೆ ಹಾಗಿರುವಷ್ಟು ಹೊತ್ತು ಮೊಮ್ಮಗಳು ವೇದಿಕೆ ಹತ್ತುವಂತಿಲ್ಲ.

ನನಗೂ ರೇಗಿತ್ತು. "ದೊಡ್ಡದು ಮಾಡಿ ಅಂತ ಹೇಳಿದ್ದು ನೀವೇ ಅಲ್ವಾ ಅಜ್ಜಿ?"

"ದೀಪ ದೊಡ್ಡದು ಮಾಡು ಅಂದ್ರೆ ಏನು ಅಂತ ಗೊತ್ತಿಲ್ವೇನವ್ವ ನಿಂಗೆ? ಮದುವೆ ಮನೇಲಿ ಆ ಇನ್ನೊಂದು ಮಾತು ನನ್ನ ಬಾಯಲ್ಲಿ ಆಡಿಸ್ಬೇಕೂ ಅಂತಿದ್ದೀಯಾ?"

ಗೊತ್ತಿಲ್ಲದೆ ಏನು! ನಮ್ಮ ಮನೆಯಲ್ಲೂ ದೀಪ 'ಆರಿಸು' ಎನ್ನುವಂತಿರಲಿಲ್ಲ, ಅದು ಅಶುಭ. 'ದೊಡ್ಡದು ಮಾಡು' ಎಂದರೇ ಆರಿಸು ಎಂದು. ಅಜ್ಜಿ ಅಷ್ಟು ದಿನದಿಂದ ಆ ದೀಪ ಬೇಡ, ತೆಗಿ ಎನ್ನುತ್ತಿದ್ದರು. ಫೋನಿನಲ್ಲಿ ಓದಿದ ನನಗೆ ದೊಡ್ಡದು ಎಂದರೆ ಬರೀ ಅಳತೆ.

ಶಿವಣ್ಣ ತಲೆ ಕೆರೆದುಕೊಂಡರು. "ಪಿಚ್ಚರ್ ದೀಪ ಅಲ್ವಾ ಮೇಡಂ, ನಂಗೂ ಹೊಳೀಲಿಲ್ಲ."

ಪರದೆ ಪೂರ್ತಿ ನಿಲ್ಲಿಸೋಣವೆಂದರೆ ವಧುವಿನ ಹಿಂದೆ ಕಪ್ಪು ಗೋಡೆ. ಅದು ಇನ್ನೂ ಕೆಟ್ಟದ್ದು. ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದೆ, "ಆ ದೀಪದ ಮೇಲೆ ನಿಮಗೇನಜ್ಜಿ ಕೋಪ?"

"ದೀಪದ ಮೇಲೆ ಯಾಕವ್ವ ಕೋಪ? ಹೋಯ್ತದೆ, ಬತ್ತದೆ, ಮತ್ತೆ ಹೋಯ್ತದೆ. ನಮ್ಮ ಮಗೀಗೆ ಒಂದ್ಸಲ ಹಂಗಾಗಿದ್ದೇ ಸಾಕು."

ಒಳಗೆ ಸಿಂಗರಿಸಿಕೊಂಡು ಕೂತಿದ್ದ ರಮ್ಯ ತಲೆ ತಗ್ಗಿಸಿದಳು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ವೇದಿಕೆಯ ಹಿಂದೆ ಲ್ಯಾಪ್‌ಟಾಪ್ ತೆರೆದೆ. ಮೊದಲಿನ ಸಣ್ಣ ದೀಪವನ್ನೇ ತೆಗೆದುಕೊಂಡು ಫೇಡ್ ಕಿತ್ತುಹಾಕಿದೆ. ತುಣುಕನ್ನು ನಡುವೆ ಕತ್ತರಿಸಿ, ಹಿಂದಿನ ಅರ್ಧವನ್ನು ಮುಂದಕ್ಕೆ ತಂದೆ. ಆಗ ಎರಡು ತುದಿಗಳೂ ಒಂದೇ ಜಾಗದಲ್ಲಿ ಕತ್ತರಿಸಿದವಾದ್ದರಿಂದ ತಾವಾಗಿ ಕೂಡುತ್ತವೆ. ಹೊಲಿಗೆ ನಡುವೆ ಬಂತು. ಅಲ್ಲಿ ಒಂದು ಜ್ವಾಲೆ ಇನ್ನೊಂದರಲ್ಲಿ ಕರಗುವಂತೆ ಮಾಡಿದೆ. ರೆಂಡರ್ ಆಮೆಯಂತೆ ತೆವಳುತ್ತಿತ್ತು. ಹೊರಗೆ ವಾಲಗದವರು ನುಡಿಸಿದ್ದನ್ನೇ ನುಡಿಸುತ್ತಿದ್ದರು, ವರ ಒಬ್ಬನೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ.

ಹೊಸ ದೀಪ ಬಂತು. ಮುನಿಯಮ್ಮ ಪರದೆಯ ಎದುರು ಬಂದು ನಿಂತು ಬಹಳ ಹೊತ್ತು ನೋಡಿದರು. ದೀಪ ಬಾಗಿತು, ತುಯ್ದಾಡಿತು, ಆದರೆ ಒಮ್ಮೆಯೂ ಹೋಗಲಿಲ್ಲ. ಅಜ್ಜಿ ಒಳಗೆ ಹೋಗಿ, ಮೊಮ್ಮಗಳ ಕೈ ಹಿಡಿದು ತಾವೇ ವೇದಿಕೆ ಹತ್ತಿಸಿದರು.

ಅಂದಿನಿಂದ ಯಾರು ಏನು ಬದಲಾಯಿಸಲು ಹೇಳಿದರೂ, ಎಷ್ಟು ಎಂದು ಕೇಳುವ ಮೊದಲು ಯಾಕೆ ಎಂದು ಕೇಳುತ್ತೇನೆ. ಅದೂ ಹೇಳಿದವರನ್ನೇ, ನಡುವಿನವರನ್ನಲ್ಲ. ಯಾವ ಸಾಫ್ಟ್‌ವೇರೂ ಕಲಿಸದ ಪಾಠ ಇದು.

ಊಟದ ಪಂಕ್ತಿ ಮುಗಿದು ಮಂಟಪ ಖಾಲಿಯಾಗುವ ಹೊತ್ತಿಗೆ ಮುನಿಯಮ್ಮ ಎಲೆ ಅಡಿಕೆ ಹಿಡಿದು ನನ್ನ ಬಳಿ ಬಂದರು. ತುಂಬಿದ ಕಣ್ಣಲ್ಲಿ ಪರದೆಯತ್ತ ಗಲ್ಲ ಎತ್ತಿ ಹೇಳಿದರು:

"ಇನ್ನು ದೊಡ್ಡದು ಮಾಡವ್ವ."

ನಾನು ಸ್ವಿಚ್ ಒತ್ತಿದೆ.