ರೈಲಿನ ಹಾದಿಗೆ ಇಟ್ಟ ನಿಂಬೆಹಣ್ಣು

ಹೊಸ ವಾಹನದ ಗಾಲಿಯಡಿ ನಿಂಬೆಹಣ್ಣಿಟ್ಟು ಹಾಯಿಸುವ ಶಾಸ್ತ್ರ ಕಂಡರೆ ನಿಮಗೇನನಿಸುತ್ತದೋ ಕಾಣೆ. ನನಗಂತೂ ಮೈ ಪರಚಿಕೊಳ್ಳುವಂತಾಗುತ್ತದೆ. ನಮ್ಮ ಓಣಿಗೆ ಮೊಪೆಡ್ ಬಂದರೂ ಲಾರಿ ಬಂದರೂ ಹಣ್ಣು ಬರುತ್ತದೆ. ಅದು ಬಂದೊಡನೆ ನನ್ನ ಹೆಂಡತಿ ಶಾಂತಮ್ಮ ಒಳಗೆ ಸರಿಯುತ್ತಾಳೆ.

ತಪ್ಪು ನನ್ನದು. ರೈಲಿಲ್ಲದ ಮಾನ್ವಿಯಲ್ಲಿ ಹುಟ್ಟಿ, ರಾಯಚೂರಿನ ಹತ್ತಿ ಗಿರಣಿಯಲ್ಲಿ ಗುಮಾಸ್ತನಾದ ನನಗೆ ಎಪ್ಪತ್ತರ ದಶಕದಲ್ಲಿ ಮೊಣಕಾಲೆತ್ತರದ ಉಗಿಬಂಡಿ ಕಟ್ಟಿ, ಅದರ ಮೇಲೆ ಮನುಷ್ಯರನ್ನು ಕೂರಿಸಿ ಓಡಿಸುವ ಹುಚ್ಚು ಹಿಡಿಯಿತು. ಮನೆಯ ತಾಮ್ರದ ಹಂಡೆ ಬಾಯ್ಲರಾಯಿತು. ಶಾಂತಮ್ಮ ಅಲ್ಯೂಮಿನಿಯಂ ಬೋಗುಣಿಯಲ್ಲಿ ಸ್ನಾನದ ನೀರು ಕಾಯಿಸಿದಳು. ಉಗಿ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತಿತ್ತು, ನನ್ನ ತಾಳ್ಮೆಯ ಹಾಗೆ.

ಮೊದಲ ಸವಾರಿ ಅತ್ತೆಗೆಂದು ನಿಶ್ಚಯಿಸಿದ್ದೆ. ದೇವದುರ್ಗದ ಜಾಲಹಳ್ಳಿಯ ಆಕೆ ರೈಲು ಹತ್ತಿದವಳಲ್ಲ. ಸ್ಟೇಷನ್ನಿಗೆ ಕರೆದೊಯ್ದು ಟಿಕೀಟು ಕೊಳ್ಳಬಹುದಿತ್ತೆಂಬ ವಿಚಾರ ನನ್ನಂಥ ಮೇಧಾವಿಗೆ ಹೊಳೆಯಲಿಲ್ಲ. ನಾನು ಹಳಿ ಹಾಸಿದ್ದ ಹಿತ್ತಲಲ್ಲಿ ಓಣಿಯೇ ನೆರೆದಿತ್ತು. ಎಂಜಿನ್ನಿನ ಬುಡದಲ್ಲಿ ಕೆಂಡ ಉದುರುತ್ತಿದ್ದುದರಿಂದ ಶಾಂತಮ್ಮ ನಿಂಬೆಹಣ್ಣನ್ನು ತುಸು ಮುಂದೆ, ತಿರುವಿನಾಚೆ, ಹಳಿಗೆ ಆನಿಸಿಟ್ಟಳು. ಬಂಡಿ ಹೊರಟಿತು, ಕೂಗಿತು, ತಿರುವಿನಲ್ಲಿ ಮಗ್ಗುಲಾಯಿತು. ಅತ್ತೆ ತೊಗರಿ ಕಟ್ಟಿಗೆಯ ರಾಶಿಯಲ್ಲಿ!

"ಅಳಿಯಾ, ರೈಲಂದ್ರ ಹಿಂಗ ಬೀಳತಾದೇನಪ್ಪಾ? ಮತ್ತ ಮಂದಿ ರೊಕ್ಕ ಕೊಟ್ಟು ಯಾಕ ಹತ್ತತಾರ?" ಎಂದು ಅಲ್ಲಿಂದಲೇ ಕೇಳಿದಳು.

ಜನ ನಕ್ಕರು. ನಾನು ಹೆಂಡತಿಯತ್ತ ತಿರುಗಿದೆ: "ಲೇ, ರೈಲಿಗೆ ಯಾರರ ನಿಂಬಿಹಣ್ಣು ಇಡ್ತಾರೇನಲೇ? ನನ್ನ ದುಡಿತ ಮಣ್ಣಾಗ ಹಾಕಿದಿ!" ಗಂಟಲೊಣಗುವವರೆಗೂ ಬೈದೆ, ಅವಳೇ ತಂದುಕೊಟ್ಟ ಪಾನಕ ಕುಡಿದು ಮತ್ತೆ ಬೈದೆ.

ಮರುದಿನ ಯಾರೂ ಇಲ್ಲದಾಗ ಬರಿ ಬಂಡಿ ಓಡಿಸಿದೆ. ನಿಂಬೆಹಣ್ಣಿಲ್ಲದೆಯೂ ಅಲ್ಲೇ ಬಿತ್ತು. ತಿರುವಿನಲ್ಲಿ ಹಳಿಗಳ ಅಂತರ ಒಂದಿಷ್ಟು ಹಿಗ್ಗಿಸಬೇಕೆಂಬುದು ನನಗೆ ತಿಳಿದಿರಲಿಲ್ಲ. ಗಾಲಿ ಸಿಕ್ಕಿ ಹಳಿ ಹತ್ತಿ ಇಳಿಯುತ್ತಿತ್ತು. ಹೇಳಲಿಲ್ಲ. ಓಣಿ ಅವಳನ್ನು 'ನಿಂಬಿಹಣ್ಣಿನ ಶಾಂತಮ್ಮ' ಎಂದಿತು, ತವರಿನವರೂ ಆಡಿಕೊಂಡರು. ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಪಕ್ಕದ ಮನೆಗೆ ಮೊಪೆಡ್ ಬಂತು. ಅವಳು ಒಳಗೆ ಸರಿದಳು. ನಾನೇ ನಿಂಬೆಹಣ್ಣು ಹಿಡಿದು ನಮ್ಮ ಹೊಸ್ತಿಲಿಗೆ ಬಂದು, ಎಲ್ಲರೂ ಕೇಳುವಂತೆ, "ಅವತ್ತು ರೈಲು ಬಿದ್ದದ್ದು ನನ್ನ ತಪ್ಪಿನಿಂದ" ಎಂದೆ.

"ಗೊತ್ತದರೀ," ಎಂದಳು. "ಬಂಡಿ ಹಣ್ಣಿನ ತನಕ ಎಲ್ಲಿ ಬಂದಿತ್ತು? ನೀವು ಬೈಯಾಕತ್ತಾಗ ಅದನ್ನೇ ಎತ್ತಿಕೊಂಡು ಹೋಗಿ ಹಿಂಡಿ ಪಾನಕ ಮಾಡಿ ತಂದೆ. ಗಟಗಟ ಕುಡದ್ರಿ, ಮತ್ತ ಸುರು ಮಾಡಿದ್ರಿ."

ಹಣ್ಣು ಕಸಿದುಕೊಂಡು ಓಣಿಗಿಳಿದು ಗಾಲಿಯಡಿ ಇಟ್ಟಳು. ಮೊಪೆಡ್ ಹಾಯಿತು, ಹಣ್ಣು ಅಪ್ಪಚ್ಚಿಯಾಗಿ ರಸ ಮಣ್ಣಿಗಿಳಿಯಿತು. ಗಾಲಿಗೆ ಸಿಕ್ಕ ನಿಂಬೆಹಣ್ಣು ಹೀಗಿರುತ್ತದೆ. ಹಳಿಯ ಬಳಿಯ ಹಣ್ಣು ಇಡಿಯಾಗಿದ್ದುದನ್ನು ಅಂದೇ ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು.