ಅತ್ತೆ ಇಟ್ಟ ಹೆಸರುಗಳು

ಮೊನ್ನೆ ಪೆರ್ಲದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಚೀಲದಿಂದ ನೆನೆಸಿದ ಬೀಡಿ ಎಲೆಯ ವಾಸನೆ ಬಂತು. ಸ್ವಲ್ಪ ಒಗರು, ಸ್ವಲ್ಪ ಹಸಿಮಣ್ಣು. ಆ ವಾಸನೆ ಈಗ ಎಷ್ಟು ಮನೆಗಳಲ್ಲಿ ಉಳಿದಿದೆ ಹೇಳಿ? ಆಕೆ ಮೊಬೈಲಿಗೆ ಬಂದ ತಮಾಷೆಯೊಂದನ್ನು ನನಗೆ ತೋರಿಸಿ ನಕ್ಕಳು. ಈ ಸಲ ಚುನಾವಣೆಗೆ ನಿಂತ ಸ್ಥಾನಾರ್ಥಿಗಳ ಹೆಸರುಗಳನ್ನು ಯಾರೋ ತಿರುಚಿ ಬರೆದಿದ್ದರು. ನಗುವ ಮೊದಲು ನಾನು ಹಿಂದಿನ ಸೀಟಿನತ್ತ ತಿರುಗಿ ನೋಡಿದೆ. ವಯಸ್ಸು ನಲವತ್ತು ದಾಟಿದರೂ ಆ ಹೆದರಿಕೆ ನನ್ನನ್ನು ಬಿಟ್ಟಿಲ್ಲ.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅಪ್ಪನ ಅಕ್ಕ ಸುಂದರಿ ಅತ್ತೆ, ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯ ಪಕ್ಕದಲ್ಲೇ ಹುಲ್ಲು ಹೊದಿಸಿದ ಪುಟ್ಟ ಮನೆಯಲ್ಲಿ ಇದ್ದರು. ಮಧ್ಯಾಹ್ನ ಅವರ ಜಗಲಿಯಲ್ಲಿ ನಾಲ್ಕು ಹೆಂಗಸರು ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ರಜೆಯ ದಿನ ಅವರಿಗೆ ಪೇಪರ್ ಓದಿ ಹೇಳುವುದು ನನ್ನ ಕೆಲಸ. ಚುನಾವಣೆ ಬಂತೆಂದರೆ, ನಾನು ಓದಿದ ಒಂದೊಂದು ಹೆಸರನ್ನೂ ಅತ್ತೆ ಎಲೆಯಿಂದ ಕಣ್ಣೆತ್ತದೆಯೇ ತಿರುಚಿ ಹಿಂದಕ್ಕೆ ಕೊಡುತ್ತಿದ್ದರು. ಐದು ವರ್ಷ ಬಾಯಿ ತೆರೆಯದ ಮೋಹನ 'ಮೌನ'ನಾದ. ರಸ್ತೆ ಸರಿ ಮಾಡಿಸುತ್ತೇನೆಂದ ಗಂಗಾಧರ 'ಗುಂಡಿಧರ'ನಾದ. ರಶೀದಿ ಪುಸ್ತಕ ಹಿಡಿದು ಬಂದಾಗ ಮಾತ್ರ ಹಲ್ಲು ತೋರಿಸುತ್ತಿದ್ದ ನಮ್ಮ ವಾರ್ಡಿನ ಚಂದ್ರಹಾಸ 'ಚಂದಾಹಾಸ'ನಾದ. ಆ ದಿನ ನಕ್ಕ ನಗುವಿಗೆ ಗೆರಸೆಯ ಹೊಗೆಸೊಪ್ಪಿನ ಪುಡಿ ಹಾರಿ ಎಲ್ಲರಿಗೂ ಸೀನು ಹಿಡಿದಿತ್ತು. ಮರುದಿನ ಶಾಲೆಯಲ್ಲಿ ನಾನು ಅದನ್ನು ಪಕ್ಕದ ಹುಡುಗಿಗೆ ಹೇಳಿದೆ. ಅವಳು ಚಂದ್ರಹಾಸನ ಅಣ್ಣನ ಮಗಳು. ಗೊತ್ತಿದ್ದೂ ಬಾಯಿ ತಡೆಯಲಿಲ್ಲ.

ನಾಲ್ಕು ದಿನ ಕಳೆದು ಪ್ರಚಾರದ ಜೀಪು ಅತ್ತೆಯ ಅಂಗಳದ ಎದುರು ನಿಂತಿತು. ಮೈಕು ಬಂದ್ ಆಯಿತು. ಐದಾರು ಜನರೊಂದಿಗೆ ಬಂದ ಚಂದ್ರಹಾಸ ಜಗಲಿಯ ಅಂಚಿನಲ್ಲಿ ಕೂತ.

"ನನಗೆ ಹೊಸ ಹೆಸರು ಇಟ್ಟಿದ್ದೀರಂತೆ ಅಕ್ಕ. ನಿಮ್ಮ ಬಾಯಲ್ಲೇ ಒಮ್ಮೆ ಕೇಳುವ ಅಂತ ಬಂದದ್ದು."

ಅತ್ತೆಯ ಕತ್ತರಿ ನಿಂತಿತು. ಆ ವರ್ಷ ಮನೆಯ ಹುಲ್ಲಿನ ಮಾಡು ಸೋರುತ್ತಿತ್ತು. ಹೊಸ ಮನೆಗೆ ಕೊಟ್ಟ ಅರ್ಜಿ ಪಂಚಾಯತಿನಲ್ಲಿತ್ತು. ಅವನು ತಲೆಯೆತ್ತಿ ಮಾಡನ್ನು ನೋಡಿದ. "ಅರ್ಜಿ ಕೊಟ್ಟಿದ್ದೀರಲ್ಲ? ನೋಡುವ," ಎಂದು ನಗುತ್ತಲೇ ಎದ್ದು ಹೋದ. ನಾನು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿದೆ. ಹೇಳಿದ್ದು ನಾನೇ ಎಂದು ಒಪ್ಪಿಕೊಳ್ಳಲು ಧೈರ್ಯ ಬರಲಿಲ್ಲ.

ಅವನು ಗೆದ್ದ. ಒಂದೂವರೆ ವರ್ಷ ಅತ್ತೆ ಪ್ರತಿ ಗ್ರಾಮಸಭೆಗೂ ಹೋಗಿ ಹಿಂದಿನ ಸಾಲಿನಲ್ಲಿ ಕೂತು, ಮನೆ ಮಂಜೂರಾದವರ ಪಟ್ಟಿ ಓದುವಾಗ ಸೆರಗು ಹಿಂಡುತ್ತಿದ್ದರು. ಕೊನೆಗೆ ಅವರ ಹೆಸರು ಬಂತು. ಅವನು ಅದನ್ನು ಹೊಡೆದು ಹಾಕಿರಲಿಲ್ಲ. ಮನೆ ಆದ ಮೇಲೆ ನೋಡಲು ಬಂದವನು, "ಹೆಸರಿಡುವುದರಲ್ಲಿ ನಿಮ್ಮದು ಎತ್ತಿದ ಕೈ ಅಲ್ವಾ ಅಕ್ಕ, ಇದಕ್ಕೂ ಒಂದು ಇಡಿ," ಅಂದ. ಅದು ತಮಾಷೆಯೋ ಬೆದರಿಕೆಯೋ ನನಗೆ ಇವತ್ತಿಗೂ ತಿಳಿಯದು. ಅವನು ಒಳ್ಳೆಯವನೇ ಇದ್ದಿರಬಹುದು. ಅತ್ತೆ ಮನೆಗೆ ಹೆಸರಿಡಲಿಲ್ಲ. ಮತ್ತೆ ಯಾರಿಗೂ ಇಡಲಿಲ್ಲ. ನಾನು ಚುನಾವಣೆಯ ಸುದ್ದಿ ತೆಗೆದರೆ, "ಅದು ಬೇಡ, ಮುಂದಿನದ್ದು ಓದು," ಅನ್ನುತ್ತಿದ್ದರು. ನಗು ಇಲ್ಲದ ಜಗಲಿಗೆ ಬರಲು ಬೇಸರವಾಗಿ, ಹೆಂಗಸರು ಒಬ್ಬೊಬ್ಬರಾಗಿ ಎಲೆಯನ್ನು ತಮ್ಮ ತಮ್ಮ ಮನೆಗೇ ಒಯ್ದರು.

ಹೋದ ವರ್ಷ ಅತ್ತೆ ಹಾಸಿಗೆ ಹಿಡಿದಾಗ ನಾನು ಅವರ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಶಾಲೆಯಲ್ಲಿ ಆ ಹೆಸರನ್ನು ಹೇಳಿದವಳು ನಾನೇ ಎಂದು ಕಣ್ಣೀರಿಟ್ಟೆ. ಬೈಯಲಿ ಎಂದು ಕಾದೆ. ಅವರು ನನ್ನ ಕೈ ಹಿಡಿದುಕೊಂಡರು. ಕಣ್ಣು ಮಾತ್ರ ಬಾಗಿಲ ಕಡೆಗಿತ್ತು.

"ಮೆಲ್ಲ ಮಾತಾಡು ಮಗಾ. ಹೊರಗೆ ಯಾರಾದ್ರೂ ಇದ್ದಾರಾ ನೋಡು."

ನಾನು ಎದ್ದು ಹೋಗಿ ನೋಡಿದೆ. ಯಾರೂ ಇರಲಿಲ್ಲ.