ಬೈಯಲು ಒಬ್ಬ ಬೇಕಿತ್ತು

ಆ ವೈರು ಕಿತ್ತವಳು ನಾನೇ. ರತ್ನಾ, ಅಂದು ನೀನು ಹೇಳಿದ್ದು ನಿಜ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತೆ — ಮರೆತು ಅಲ್ಲ, ಬೇಕೆಂದೇ.

ನನಗೆ ಅಕ್ಷರ ಅಷ್ಟಕ್ಕಷ್ಟೆ. ಗಂಡ ಸತ್ತ ಮೇಲೆ ಆದೋನಿಯ ಈ ಹತ್ತಿ ಮಿಲ್ಲಿಗೆ ನಾನೇ ಹಿರಿಯಳು. ಮಗ ನಡೆಸುತ್ತಾನೆ, ಕೊನೆಯ ಮಾತು ನನ್ನದು. ನಂದವರಂನಿಂದ ಬರುತ್ತಿದ್ದ ನೀನು ನಮ್ಮ ಆಫೀಸಿನಲ್ಲಿ ಒಂದು ಡೇಟಾಬೇಸ್ ಕೂರಿಸಿದ್ದೆ. ಆಸ್ಪರಿ ಕಡೆಯ ಯಾವ ರೈತನ ಹತ್ತಿ ಒತ್ತಿ ಕಟ್ಟಿದ ಯಾವ ಅಂಡಿಗೆಯಲ್ಲಿ ಹೋಯಿತು — ಕೇಳಿದರೆ ಸಾಕು, ತೋರಿಸುತ್ತಿತ್ತು. ಇದಕ್ಕೆ ಕಾಸು ಕೊಡಬೇಕಿಲ್ಲ, ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು ಎಂದು ನೀನು ಹೇಳಿದಾಗ ನನ್ನ ಮಗನ ಮುಖ ಹುಳ್ಳಗಾಯಿತು. ಪುಕ್ಕಟೆ ಸಿಕ್ಕಿದ್ದು ಎಂದು ಬೀಗರ ಮುಂದೆ ಹೇಗೆ ಹೇಳುವುದು? ಪಕ್ಕದ ಮಿಲ್ಲಿನವರು ದೊಡ್ಡ ಕಂಪನಿಯದನ್ನು ಕೊಂಡು, ಮದುವೆ ಊಟದಲ್ಲೂ ಅದರ ಹೆಸರು ಹೇಳಿಕೊಂಡು ತಿರುಗುತ್ತಿದ್ದರು. ಅದು ಏನು ಮಾಡುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಥೂ.

ಹೈದರಾಬಾದಿನಿಂದ ಮಾರುವವನು ಬಂದ ದಿನ ಧಗೆ ಬಹಳ. ಟೇಬಲ್ ಫ್ಯಾನು ಹಚ್ಚಲು ಗೋಡೆಯಲ್ಲಿದ್ದ ಒಂದು ವೈರು ಕಿತ್ತು ಫ್ಯಾನಿನದು ಸಿಕ್ಕಿಸಿದೆ. ಮೇಜಿನ ಕೆಳಗಿನ ಕಂಪ್ಯೂಟರಿನ ಪೆಟ್ಟಿಗೆ ಗಪ್ಪಾದದ್ದು ನಾನು ನೋಡಲಿಲ್ಲ — ಅಷ್ಟು ನಿಜ. ಅವನ ಮುಂದೆ ನೀನು ತೋರಿಸಲು ಹೋದೆ, ಏನೂ ಬರಲಿಲ್ಲ. ಆಗ ನನಗೆ ತಿಳಿಯಿತು. ಎಲ್ಲರೂ ಪರದೆ ನೋಡುತ್ತಿದ್ದಾಗ ಫ್ಯಾನಿನದು ಕಿತ್ತು, ಆ ವೈರನ್ನು ಇದ್ದಲ್ಲೇ ಚುಚ್ಚಿದೆ. ಪೆಟ್ಟಿಗೆ ಕೂಡಲೇ ಏಳಲಿಲ್ಲ. ನಿನ್ನ ಕಣ್ಣು ನಿಂತ ಫ್ಯಾನಿನ ಮೇಲೆ ಬಿತ್ತು, ಆಮೇಲೆ ನನ್ನ ಮೇಲೆ.

"ಅದು ಚಲೋ ಐತ್ರಿ ಅವ್ವಾರ. ಯಾರೋ ವೈರ್ ಕಿತ್ಯಾರ," ಎಂದು ನೀನು ಹೇಳಿದೆ.

ನನ್ನ ಮಗ ನಕ್ಕ. "ವೈರಿಗೆ ಕಾಲು ಬಂದಿದ್ವೇನೋ, ಎದ್ದು ಹೋಗಿರಬೇಕು."

ಮಾರುವವನು ಸಿಕ್ಕ ಸಂದು ಬಿಡಲಿಲ್ಲ. ಪುಕ್ಕಟೆಯದು ಕೆಟ್ಟರೆ ಯಾರನ್ನು ಕೇಳುತ್ತೀರಿ ಎಂದು ನನ್ನ ಕಡೆ ತಿರುಗಿ, ಹೊಟ್ಟೆಯಲ್ಲಿ ಹುಟ್ಟಿದ ಮಗನ ಹಾಗೆ ತೆಲುಗಿನಲ್ಲಿ ಹೇಳಿದ, "ಮಾದೈತೇ ಮೇಮುನ್ನಾಂ ಕದಮ್ಮಾ." ನಮ್ಮದಾದರೆ ನಾವಿದ್ದೇವಲ್ಲ ತಾಯಿ — ಅಷ್ಟೇ. ಅವನು ಮಾರಿದ್ದು ಆ ಮಾತನ್ನು. ನಾವು ಕೊಂಡದ್ದೂ ಅದನ್ನೇ.

ನಾನು ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಟ್ಟೆ —

"ಕೊಂಡದ್ದೇ ತರ್ರಿ. ಕೆಟ್ಟರ ಬೈಯಾಕ ಒಬ್ಬ ಇರ್ತಾನ. ಪುಕ್ಕಟೆ ತಂದಾಕಿನ್ನ ಏನಂತ ಬೈಯೋದು?"

ಎಲ್ಲರೂ ನಕ್ಕರು. ಆ ಸಂಜೆಯೇ ನೀನು ಅದು ಸರಿಯಾಗಿ ನಡೆಯುವುದನ್ನು ತೋರಿಸಿದೆ, ಒಂದಕ್ಷರ ಕಳೆದಿರಲಿಲ್ಲ, ಯಾರೂ ನೋಡಲಿಲ್ಲ. ನಿನ್ನನ್ನು ಅಂಡಿಗೆಗಳಿಗೆ ಚೀಟಿ ಅಂಟಿಸಲು ಹಾಕಿದರು. ನೀನು ಬಿಟ್ಟು ಹೋದೆ. ಮಿಲ್ಲಿನ ಕಂಪ್ಯೂಟರು ಕೆಡಿಸಿದಾಕಿ ಎಂಬ ಹೆಸರು ಊರಿನ ಬೇರೆ ಮಿಲ್ಲುಗಳಿಗೆ ನಿನಗಿಂತ ಮೊದಲೇ ತಲುಪಿತ್ತು.

ಕೊಂಡದ್ದೂ ನಿಂತಿತು — ಹತ್ತಿ ಸುಗ್ಗಿಯ ನಡುವೆಯೇ. ಫೋನು ಮಾಡಿದರೆ ಅದೇ ಮಾತು, ನಾವಿದ್ದೇವಲ್ಲ. ಬರಲಿಲ್ಲ. ಗೇಟಿನಲ್ಲಿ ಲಾರಿಗಳು ಕಾದವು. ನನ್ನ ಮಗ ಮಾತ್ರ ಹಾಯಾಗಿದ್ದ, ತಪ್ಪು ತನ್ನದಲ್ಲವಲ್ಲ. ಫೋನಿನಲ್ಲಿ ಬಾಯಿ ದಣಿಯುವಷ್ಟು ಬೈದು, ಊಟಕ್ಕೆ ಹೋದ. ದೊಡ್ಡ ಮನುಷ್ಯರು ಇದಕ್ಕೇ ಕೊಳ್ಳುವುದು, ಕೆಲಸಕ್ಕಲ್ಲ. ಒಳಗನ್ನು ತೋರಿಸುವ ವಸ್ತು ಅವರಿಗೆ ಬೇಡ — ತೆರೆದರೆ ತಾವೇ ತಿಳಿದುಕೊಳ್ಳಬೇಕಾಗುತ್ತದೆ.

ಆದರೆ ಅವರನ್ನು ಹಳಿದು ನಾನು... ನಾನು ಅವರಿಗಿಂತ ಕಡೆ. ಅವರಿಗೆ ಬೈಯಲು ದೂರದವನೊಬ್ಬ ಸಾಕಿತ್ತು. ನಾನು ಎದುರಿಗಿದ್ದ ನಿನ್ನನ್ನು ಹಿಡಿದೆ.

ಈಗ ನೀನಿರುವ ಮಾಧವರಂನ ಮನೆಗೆ ಬಂದು ಅಳುವುದಿಲ್ಲ. ನಾಳೆ ಆ ಕಂಪನಿಯ ಕರಾರು ಮತ್ತೆ ಮುಂದುವರಿಸುತ್ತಾರೆ, ನನ್ನ ಸಹಿ ಬೇಕು. ಮಾರುವವನು ಬರುತ್ತಾನೆ, ಪಕ್ಕದ ಮಿಲ್ಲಿನವರೂ ಇರುತ್ತಾರೆ. ಅದೇ ಮೇಜಿನ ಮುಂದೆ, ಸಹಿಗೆ ಮೊದಲು, ವೈರು ಕಿತ್ತವಳು ಯಾರೆಂದು ಹೇಳುತ್ತೇನೆ. ಬೈಯಲು ಒಬ್ಬರು ಬೇಕಲ್ಲ ಅವರಿಗೆ — ನಾನಿದ್ದೇನಲ್ಲ.